ಚಹಾದಂಗಡಿಯ ಉದ್ರಿ

(ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಲದ ಮೇಲೆ ನಾಲ್ಕು ಮಾತು ಹೇಳಿರಿ ಎಂದು ನನ್ನನ್ನು ಕರೆದಿದ್ದೀರಿ. ಬ್ಯಾಂಕಿನ ಸಾಲ, ಸೊಸೈಟಿಯ ಸಾಲ, ಸಾವುಕಾರನ ಸಾಲ, ಈ ಮೂರರ ಮೇಲೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಾತಾಗಿದೆ. ನಾನು ನಾಲ್ಕನೆಯದೊಂದನ್ನು ಎತ್ತುತ್ತೇನೆ. ಅದೂ ನಮ್ಮ ಮೇಲಿನ ಸಾಲವೇ. ಆದರೆ ನಾವು ಅದಕ್ಕೆ ಸಾಲ ಎನ್ನುವುದಿಲ್ಲ, ಉದ್ರಿ ಎನ್ನುತ್ತೇವೆ. ಊರ ಚಹಾದಂಗಡಿಯ ಉದ್ರಿ.

ನಗಬೇಡಿರಿ. ನಾನೂ ಮೊದಲು ನಕ್ಕವನೇ.

2023ರಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರ್ ಬರುವಷ್ಟರಲ್ಲಿ ಸರಕಾರವೇ ಬರಗಾಲ ಎಂದು ಸಾರಿತು. ಆ ವರ್ಷ ನಮ್ಮೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿ ಒಂದು ದಿನ ಮುಂಜಾನೆ ತೆರೆಯಲಿಲ್ಲ. ಎರಡು ದಿನ ನಾವು ಕಟ್ಟೆಯ ಮೇಲೆ ಕುಳಿತು, ಅವನಿಗೆ ಸೊಕ್ಕು ಬಂದಿದೆ ಎಂದು ಮಾತಾಡಿಕೊಂಡೆವು. ಮೂರನೆಯ ದಿನ ಅವನ ಮನೆಗೆ ಹೋದೆ. ಅವನು ಏನೂ ಅನ್ನದೆ ಉದ್ರಿಯ ವಹಿ ತಂದು ಮುಂದಿಟ್ಟ. ಒಂದೊಂದು ಹಾಳೆಗೆ ಒಂದೊಂದು ಹೆಸರು. ನನ್ನ ಹೆಸರೂ ಇತ್ತು, 2,340 ರೂಪಾಯಿ.

“ಗೌಡ್ರ, ನಿಮಗ ಎಂದರ ಕೊಡ್ರಿ ಅಂದೇನಿ? ಇಲ್ಲ. ಆದ್ರ ಸಕ್ರಿ ಅಂಗಡ್ಯಾಂವ ನನಗ ಹಂಗ ಬಿಡವಲ್ಲ,” ಎಂದ.

ಆ ವಹಿಯಲ್ಲಿ ನನ್ನನ್ನು ನಾಚಿಸಿದ್ದು ನನ್ನ ಲೆಕ್ಕ ಒಂದೇ ಅಲ್ಲ. ಕೂಲಿಯವರ ಹಾಳೆಗಳು ಸಣ್ಣವು. ಪಗಾರ ಬಂದ ಸಂತೆಯ ದಿನ ಅವರು ತೀರಿಸಿಬಿಡುತ್ತಾರೆ. ಉದ್ದುದ್ದ ಹಾಳೆಗಳೆಲ್ಲ ಹೊಲ ಇದ್ದವರವು. ಹತ್ತು ಎಕರೆ, ಇಪ್ಪತ್ತು ಎಕರೆ ಇದ್ದವರವು. ನಮಗೆ ರೊಕ್ಕ ಬರುವುದು ವರ್ಷಕ್ಕೊಮ್ಮೆ, ಹತ್ತಿ ಬೈಲಹೊಂಗಲದ ಪೇಟೆಗೆ ಹೋದಾಗ, ಇಲ್ಲವೇ ಕಬ್ಬಿನ ಬಿಲ್ಲು ಆದಾಗ. ಅಲ್ಲಿಯತನಕ “ಬರಕೋ” ಎಂದು ಎದ್ದು ಬರುತ್ತೇವೆ. ನಮ್ಮ ಬೆಳೆಯ ವೇಳಾಪತ್ರಿಕೆಯ ಮೇಲೆ ಅವನ ಒಲೆ ಉರಿಯಬೇಕು.

ಈಗ ಒಂದು ಲೆಕ್ಕ ಮಾಡಿರಿ. ದರಗಳು ಊರಿಂದೂರಿಗೆ ಬೇರೆ, ನಿಮ್ಮೂರಿನ ದರ ನೀವು ಹಾಕಿಕೊಳ್ಳಿರಿ. ಒಂದು ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಬೆರೆಸಿದರೆ ಸಣ್ಣ ಕಪ್ಪು ಇಪ್ಪತ್ತಾಗುತ್ತವೆ. ಐದು ರೂಪಾಯಿಗೊಂದು ಎಂದರೆ 100 ರೂಪಾಯಿ. ಹಾಲಿಗೆ 40, ಚಹಾಪುಡಿಗೆ 12, ಸಕ್ಕರೆಗೆ 7, ಗ್ಯಾಸಿಗೆ 8, ಒಟ್ಟು 67 ಹೋಯಿತು. ಉಳಿದದ್ದು 33. ಇದರಲ್ಲಿ ಜಾಗದ ಬಾಡಿಗೆ, ಕರೆಂಟು, ಕಪ್ಪು ತೊಳೆಯುವ ಹುಡುಗನ ಪಗಾರ, ಆಮೇಲೆ ಅವನ ಮನೆತನ. ಈಗ ಹತ್ತು ಕಪ್ಪಿನಲ್ಲಿ ಮೂರು ಕಪ್ಪು ಉದ್ರಿ ಎಂದು ಹಿಡಿಯಿರಿ. ನೂರರಲ್ಲಿ 30 ರೂಪಾಯಿ ಕೈಗೆ ಬರಲಿಲ್ಲ. ಅಂದರೆ ಅವನಿಗೆ ಉಳಿಯಬೇಕಾದದ್ದು ಹೆಚ್ಚುಕಡಿಮೆ ಪೂರ್ತಿ ನಿಮ್ಮ ಹೆಸರಿನ ಹಾಳೆಯಲ್ಲಿ ಕುಳಿತಿತು.

ದಿನಕ್ಕೆ ಹತ್ತು ಲೀಟರಿನ ಅಂಗಡಿಯಾದರೆ ದಿನದ ಉದ್ರಿ 300. ತಿಂಗಳಿಗೆ 9,000. ಮಿರಗದ ಮಳೆಯಿಂದ ಹತ್ತಿ ಮಾರುವತನಕ ಏಳು ತಿಂಗಳು ಹಿಡಿದರೆ 63,000 ರೂಪಾಯಿ. ಈ ರೊಕ್ಕ ಅವನಲ್ಲಿ ಎಲ್ಲಿಂದ ಬರಬೇಕು? ಕೈಗಡ ತರುತ್ತಾನೆ. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ ಎನ್ನಿರಿ. ಸಾಲ ತಿಂಗಳು ತಿಂಗಳು ಏರುತ್ತ ಹೋಗುವುದರಿಂದ ಸರಾಸರಿ ಅರ್ಧದ ಮೇಲೆ ಲೆಕ್ಕ ಹಾಕಿದರೂ 6,600 ರೂಪಾಯಿಯ ಮೇಲೆ ಬಡ್ಡಿಯೇ ಆಗುತ್ತದೆ. ಹತ್ತಿ ಮಾರಿದ ಮೇಲೆ ನಾವು 63,000 ಕೊಟ್ಟು ದೊಡ್ಡವರಾಗುತ್ತೇವೆ. ಬಡ್ಡಿ ಅವನೇ ಕಟ್ಟಿರುತ್ತಾನೆ. ಹತ್ತಿಯ ಬೆಲೆ ಬಿದ್ದ ವರ್ಷ ಅದನ್ನೂ ಪೂರ್ತಿ ಕೊಡುವುದಿಲ್ಲ. “ಅರ್ಧಾ ತಗೊ, ಉಳಿದದ್ದು ಮುಂದಿನ ಸುಗ್ಗಿಗೆ” ಎನ್ನುತ್ತೇವೆ.

ಬಂಧುಗಳೇ, ಈ ಮಾತು ನೀವು ಎಲ್ಲಿಯೋ ಕೇಳಿದ್ದೀರಿ. ಕಬ್ಬಿನ ಕಾರ್ಖಾನೆಯ ಬಾಗಿಲಲ್ಲಿ ಕೇಳಿದ್ದೀರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಸೇರಿಸಿ ಕೊಡಬೇಕು. ಕೊಡಲಿಲ್ಲವೆಂದರೆ ನಾವು ರಸ್ತೆಗೆ ಇಳಿಯುತ್ತೇವೆ, ಮಾಮಲೇದಾರ ಕಚೇರಿಯ ಮುಂದೆ ಕೂಡುತ್ತೇವೆ. ಸರಿಯಾದದ್ದೇ. ಇನ್ನೂ ಜೋರಾಗಿ ಕೂಡಬೇಕು. ಆದರೆ ಚಹಾದಂಗಡಿಯ ಬಾಗಿಲಲ್ಲಿ ಕಾರ್ಖಾನೆ ನಾವು, ರೈತ ಅವನು. ಅವನಿಗೆ 14 ದಿನದ ಕಾಯಿದೆ ಇಲ್ಲ, ಕೂಡಲಿಕ್ಕೆ ಕಚೇರಿ ಇಲ್ಲ.

ಕಿತ್ತೂರಿನ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ದೊಡ್ಡ ಹೋಟೆಲುಗಳಾಗಿವೆ. ಅಲ್ಲಿ ಮೊದಲು ಚೀಟಿ, ಆಮೇಲೆ ಚಹಾ. ಅಲ್ಲಿ ನಮ್ಮಲ್ಲಿ ಯಾರೂ “ಬರಕೋ” ಎನ್ನುವುದಿಲ್ಲ. ಗುರುತಿಲ್ಲದವನಿಗೆ ರೋಖ, ಗುರುತಿದ್ದವನಿಗೆ ಉದ್ರಿ. ನಮ್ಮ ಹಾಲು ಕೊಂಡು, ನಮ್ಮ ಊರ ಹುಡುಗನಿಗೆ ಕೆಲಸ ಕೊಟ್ಟು, ಮದುವೆ-ಮರಣದಲ್ಲಿ ನಮ್ಮ ಬಾಗಿಲಿಗೆ ಬರುವವನು ಯಾರು? ಹೆದ್ದಾರಿಯ ಹೋಟೆಲಿನವನೇನು?

ಚಹಾ ಕುಡಿಯುವುದನ್ನೇ ಬಿಡಿರಿ ಎಂದು ನಾನು ಉಪದೇಶ ಮಾಡುವವನಲ್ಲ. ಆದರೂ ಒಂದು ಮಾತು ತಿಳಿದಿರಲಿ. ನಮ್ಮ ಮುತ್ತಜ್ಜರ ಕಾಲಕ್ಕೆ ಮನೆಗೆ ಬಂದವರಿಗೆ ಬೆಲ್ಲ-ನೀರು, ಮಜ್ಜಿಗೆ ಇತ್ತು. 1930ರ ದಶಕದಲ್ಲಿ ಜಗತ್ತಿನ ಪೇಟೆಯಲ್ಲಿ ಚಹಾದ ಬೆಲೆ ಬಿದ್ದಾಗ, ತೋಟದ ಮಾಲಕರು ಸೆಸ್ಸಿನ ರೊಕ್ಕದಿಂದ ಈ ದೇಶದೊಳಗೇ ಚಹಾದ ಪ್ರಚಾರ ಮಾಡಿಸಿದರು. ಜನರನ್ನು ಕರೆದು ಪುಕ್ಕಟೆ ಕಪ್ಪು ಕುಡಿಸಿದರು. ತಮ್ಮ ಮಾಲಿಗೆ ಪೇಟೆ ಕಟ್ಟಿಕೊಂಡರು. ನಮ್ಮ ಹಿಂಗಾರಿ ಬಿಳಿಜೋಳದ ಬೆಲೆ ಬಿದ್ದಾಗ ಹೀಗೆ ಯಾರಾದರೂ ಮನೆಮನೆಗೆ ರೊಟ್ಟಿ ಹಂಚಿದ್ದನ್ನು ನಾನಂತೂ ಕಾಣೆ.

ಇನ್ನು ಬೆಂಗಳೂರಿನ ಒಂದು ಕಥೆ. ಕಾಫಿ ಮಂಡಳಿ ತಾನೇ ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚತೊಡಗಿತು, ಕೆಲಸಗಾರರನ್ನು ಮನೆಗೆ ಕಳಿಸಿತು. ಆಗ ಕೇರಳದ ಎ.ಕೆ. ಗೋಪಾಲನ್ ಅವರು, “ಅಂಗಡಿ ನೀವೇ ನಡೆಸಿರಿ” ಎಂಬ ದಾರಿ ತೋರಿಸಿದರು. 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಾಫಿ ಕೆಲಸಗಾರರ ಸಹಕಾರಿ ಸಂಘ ಹುಟ್ಟಿತು. ಕಾಫಿ ಕಾಸುವವನು, ಬಡಿಸುವವನು, ಅವರೇ ಮಾಲಕರು. ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಅವರ ಹೌಸು 2009ರಲ್ಲಿ ಆ ಜಾಗ ಬಿಡಬೇಕಾಯಿತು. ಹತ್ತಿರದ ಚರ್ಚ್ ರಸ್ತೆಗೆ ಹೋಗಿ ಮತ್ತೆ ಒಲೆ ಹಚ್ಚಿದರು. ಅವರಲ್ಲಿ ಕಸಬು ಇತ್ತು, ಒಡೆತನ ಇರಲಿಲ್ಲ. ಅದನ್ನು ಸಂಘ ಕಟ್ಟಿ ಪಡೆದರು. ನಮ್ಮೂರ ಅಂಗಡಿಯವನಲ್ಲಿ ಕಸಬೂ ಇದೆ, ಒಡೆತನವೂ ಇದೆ, ಓಡಾಡುವ ಬಂಡವಾಳ ಮಾತ್ರ ನಮ್ಮ ಜೇಬಿನಲ್ಲಿದೆ.

ಹಾಗೆಂದು ಊರೂರಿಗೆ ಚಹಾದ ಸೊಸೈಟಿ ಮಾಡಿರಿ ಎನ್ನಲಾರೆ. ಸಹಕಾರ ನಮಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಂಘ 1905ರಲ್ಲಿ ನಮ್ಮ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಆದರೆ ಮುಂಜಾನೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ಕೆಲಸ ಡೈರೆಕ್ಟರುಗಳಿಂದ ಆಗುವುದಲ್ಲ.

ನಮ್ಮೂರಲ್ಲಿ ಮಾಡಿದ್ದು ಇಷ್ಟು. ಎಂಟು ಜನ ಉದ್ದ ಹಾಳೆಯವರು ಕೂಡಿ ಹಳೆಯ ಲೆಕ್ಕ ಚುಕ್ತಾ ಮಾಡಿದೆವು. ಎಮ್ಮೆ ಕಟ್ಟಿದವರು ಹಾಲಿನಲ್ಲಿ ಕೊಟ್ಟರು: ಡೇರಿಯ ದರದ ಮೇಲೆ ಲೀಟರಿಗೆ ಇಷ್ಟು ಎಂದು ಹಚ್ಚಿ, ಚಹಾದ ಲೆಕ್ಕದಲ್ಲಿ ಮುರಿದುಕೊಳ್ಳುವುದು. ಅವನಿಗೆ ಹಾಲಿನ ರೋಖ ಉಳಿಯಿತು, ನಮಗೆ ಕೈಯಿಂದ ಬಿಚ್ಚುವ ಸಂಕಟ ತಪ್ಪಿತು. ಉಳಿದವರು ಸಂತೆಯಿಂದ ಸಂತೆಗೆ ಕೊಡಬೇಕು. ಯಾರಾದರೂ ಎರಡು ಸಂತೆ ದಾಟಿಸಿದರೆ ಅವನು ಕೇಳುವುದಿಲ್ಲ, ನಾವೇ ಕೇಳುತ್ತೇವೆ. ಅವನು ಕೇಳಿದರೆ ಗಿರಾಕಿ ಹೋಗುತ್ತಾನೆ, ನಾವು ಕೇಳಿದರೆ ಹೋಗುವುದಿಲ್ಲ. ದವಾಖಾನೆ, ಸಾವು-ನೋವು ಇದ್ದ ಮನೆಗೆ ಉದ್ರಿ ನಡೆಯುತ್ತದೆ.

ಕರಾರಿನಲ್ಲಿ ಇನ್ನೊಂದು ಮಾತು ಸೇರಿತು, ಅದಕ್ಕೆ ಜಗಳವೂ ಆಯಿತು. ಕೇರಿಯವರಿಗೆ ಬೇರೆ ಲೋಟ ಇಡುವ ಚಾಳಿ. 1955ರಿಂದ ಅದು ಕಾಯಿದೆಯ ಪ್ರಕಾರ ಅಪರಾಧ. ಅಂಗಡಿಯವನನ್ನು ಕೇಳಿದರೆ, “ನಾ ಇಟ್ಟದ್ದಲ್ರಿ, ನೀವು ಇಡಿಸಿದ್ದು,” ಎಂದ. ಖರೇ ಮಾತು. ಉದ್ದ ಹಾಳೆಯವರಿಗೆ ಹೆದರಿ ಇಟ್ಟದ್ದು. ಸಂತೆಗೊಮ್ಮೆ ತಪ್ಪದೆ ರೊಕ್ಕ ಕೊಟ್ಟವರು ಅವರು, ಕಪ್ಪು-ಬಸಿ ನಮಗೆ. ಈಗ ಎಲ್ಲರಿಗೂ ಒಂದೇ ಕಪ್ಪು. ಇಬ್ಬರು ಹಿರಿಯರು ಇನ್ನೂ ಅಂಗಡಿಗೆ ಬರುವುದಿಲ್ಲ. ಅವರ ಬಾಕಿ ಮಾತ್ರ ವಹಿಯಲ್ಲಿ ಹಾಗೇ ಇದೆ.

ಸಭೆ ಮುಗಿದ ಮೇಲೆ ಹೊರಗೆ ಚಹಾ ಕಾಸಿದ್ದಾರೆ. ಸಂಘದ ಹೆಸರಿನಲ್ಲಿ ಬರಸಬೇಡಿರಿ. ನಿಮ್ಮ ಕಪ್ಪಿನ ರೊಕ್ಕ ನೀವೇ ಕೊಟ್ಟು ಕುಡಿಯಿರಿ.