ಗುಡ್ಡದ ಮೇಲಿನ ಕೆಂಪು ಗೆರೆ

ಅಮೂರ್ತ ಚಿತ್ರಗಳ ಪ್ರದರ್ಶನಕ್ಕೆ ಹೋದಾಗ ನಮ್ಮ ಬಾಯಲ್ಲಿ ಮೊದಲು ಬರುವ ಪ್ರಶ್ನೆ: ‘ಇದರಾಗ ಏನೈತಿ?’ ಪ್ರಶ್ನೆ ತಪ್ಪಲ್ಲ. ಆದರೆ ಅದು ಮೊದಲೇ ಬರಬೇಕಿಲ್ಲ.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿ ನೋಡಿ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಆ ನೆಲೆಯಲ್ಲಿ ಬೃಹತ್ ಶಿಲಾಯುಗದ ಸುಮಾರು 400 ಸ್ಮಾರಕಗಳಿವೆ. ಹತ್ತಿರದ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಚಿತ್ರಗಳು. ಪ್ರಾಣಿಗಳನ್ನು, ಆಯುಧ ಹಿಡಿದ ಮನುಷ್ಯರನ್ನು ಕಣ್ಣು ತಟ್ಟನೆ ಗುರುತಿಸುತ್ತದೆ. ಜೊತೆಗೆ ಯಾವುದನ್ನೂ ಹೋಲದ ರೇಖಾವಿನ್ಯಾಸಗಳೂ ಇವೆ. ಅವುಗಳ ಮುಂದೆ ನಿಂತಾಗ ಅರ್ಥಕ್ಕಿಂತ ಮೊದಲು ಕಾಣುವುದು ಗೆರೆ ಎಳೆದ ಕೈಯ ಓಟ.

ಮಾನೋಪ್ರಿಂಟ್ ಎಂಬ ಅಚ್ಚುಚಿತ್ರ ಕೂಡ ಇಂಥ ಕೈಗುರುತೇ. ನುಣುಪಾದ ಹಲಗೆಯ ಮೇಲೆ ಶಾಯಿ ಬಳಿದು, ಒರೆಸಿ, ಗೀರಿ, ಕಾಗದ ಇಟ್ಟು ಒತ್ತುತ್ತಾರೆ. ಬಣ್ಣದ ಬಹುಪಾಲು ಕಾಗದಕ್ಕೆ ಹೋಗುತ್ತದೆ. ಎರಡನೆಯ ಸಲ ಒತ್ತಿದರೆ ಮಸುಕು ನೆರಳಷ್ಟೇ. ಅಚ್ಚೇ ಆದರೂ ಅಂಥದ್ದು ಇನ್ನೊಂದಿಲ್ಲ. ಒತ್ತು ಎಲ್ಲಿ ಹೆಚ್ಚಾಯಿತು, ಬೆರಳು ಎಲ್ಲಿ ಜಾರಿತು ಎಂದು ಹುಡುಕುವುದೇ ಎಂಥ ಸುಖ!

ನಮ್ಮ ಅಜ್ಜಿಯರು ಹಳೆ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿದಾಗ ಯಾರೂ ಅರ್ಥ ಕೇಳಲಿಲ್ಲ. ಕೆಂಪಿನ ಪಕ್ಕ ಹಸಿರು ಒಪ್ಪಿತೇ ಎಂದು ನೋಡಿದರು. ಆ ಕಣ್ಣು ನಮ್ಮಲ್ಲಿ ಇನ್ನೂ ಇದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಚಿತ್ರಕಲಾ ಶಿಕ್ಷಕರು ಮಕ್ಕಳನ್ನು ಒಮ್ಮೆ ಆ ಗುಡ್ಡಕ್ಕೆ ಕರೆದೊಯ್ಯಲಿ. ಮರಳಿ ಬಂದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ಒಂದಿಷ್ಟು ಬಣ್ಣ, ಕಾಗದ ಕೈಗೆ ಕೊಟ್ಟು, ಅವರಿಗೆ ತೋಚಿದ್ದನ್ನು ಒತ್ತಲು ಬಿಡಲಿ.