ಅರವತ್ತೆರಡು ಮಂದಿಗೆ ಅಳುವವರಾರು?

(ಗಿರಣಿ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಸಿನಿಮಾ ನಟರ ವಿಷಯ ಮಾತನಾಡಲು ಪಕ್ಷದ ವೇದಿಕೆಯೇ ಬೇಕಿತ್ತೆ ಎಂದು ನಮ್ಮವರೇ ಒಬ್ಬಿಬ್ಬರು ಮೂಗು ಮುರಿದರು. ಬೇಕು ಎಂದೇ ನನ್ನ ಅಭಿಪ್ರಾಯ. ಕೂಲಿಯ ಪ್ರಶ್ನೆಗೆ ಸಭೆ ಕರೆದರೆ ಈ ಅಂಗಳ ಅರ್ಧ ತುಂಬುವುದೂ ಕಷ್ಟ. ಒಬ್ಬ ದೊಡ್ಡ ನಟ ತೀರಿಕೊಂಡನೆಂದರೆ ಯಾರೂ ಕರೆಯದೆ ಊರಿಗೆ ಊರೇ ಬೀದಿಗೆ ಬರುತ್ತದೆ. ಇದನ್ನು ಬರೀ ಹುಚ್ಚು ಎಂದು ತಳ್ಳಿಹಾಕುವವನು ಸಮಾಜವಾದದ ಪುಸ್ತಕ ಎಷ್ಟೇ ಓದಿರಲಿ, ಜನರನ್ನು ಓದಿಲ್ಲ.

ಜನ ಯಾಕೆ ಅಳುತ್ತಾರೆ? ರಾಜಕುಮಾರ್ ಅವರನ್ನೇ ನೋಡಿ. ಗಾಜನೂರಿನ ಬಡ ನಾಟಕಕಾರನ ಮಗ. ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ. ಕಲಿತದ್ದೆಲ್ಲ ನಾಟಕ ಕಂಪನಿಯ ರಂಗದ ಮೇಲೆ. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಾಗ ನಮ್ಮಂಥ ಮನೆಯಿಂದ ಬಂದ ಒಬ್ಬ ಮನುಷ್ಯ ಬೆಳ್ಳಿತೆರೆಯ ತುಂಬ ನಿಂತುಬಿಟ್ಟ. 1982ರಲ್ಲಿ ಗೋಕಾಕ ಚಳವಳಿಗೆ ಅವರು ಧುಮುಕಿದ ಮೇಲೆ ಅದುವರೆಗೆ ಸಾಹಿತಿಗಳ ಕೈಯಲ್ಲಿದ್ದ ಭಾಷೆಯ ಪ್ರಶ್ನೆ ಹಮಾಲರ ಪ್ರಶ್ನೆಯೂ ಆಯಿತು. ಅಂಥವರು ಸತ್ತರೆ ಕಣ್ಣೀರು ಬರುವುದು ಸಹಜ. ಇಸ್ತ್ರಿ ಕೆಡದ ಅಂಗಿಯವರು ನಗಲಿ, ನಾವು ನಗಬಾರದು.

ಆದರೆ ಆ ಕಣ್ಣೀರನ್ನು ಸರ್ಕಾರ ಹೇಗೆ ಕಂಡಿತು? 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬಂದ ಜನರನ್ನು ಸಾಲಾಗಿ ನಿಲ್ಲಿಸಿ ಮುಖ ತೋರಿಸಿ ಕಳಿಸುವ ವ್ಯವಸ್ಥೆ ನೆಟ್ಟಗಾಗಲಿಲ್ಲ. ನೂಕುನುಗ್ಗಲಾಯಿತು, ಕಲ್ಲು, ಲಾಠಿ, ಬೆಂಕಿ, ಕೊನೆಗೆ ಗುಂಡು. ಎರಡು ದಿನದಲ್ಲಿ ಎಂಟು ಜನ ಸತ್ತರು. ಅವರಲ್ಲಿ ಒಬ್ಬ ಪೊಲೀಸ್ ಪೇದೆ. ಅವನೂ ಸಂಬಳಕ್ಕೆ ದುಡಿಯುವವನೇ, ಅವನನ್ನು ಹೊಡೆದು ಕೊಂದದ್ದನ್ನು ಅಭಿಮಾನವೆಂದು ಯಾರೂ ಕರೆಯಬೇಡಿ. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ 46ನೆಯ ವಯಸ್ಸಿಗೇ ಹೃದಯಾಘಾತದಿಂದ ಹೋದಾಗ ಕಂಠೀರವ ಕ್ರೀಡಾಂಗಣವನ್ನು ತೆರೆದಿಟ್ಟರು. ಲಕ್ಷಾಂತರ ಜನ ಸರತಿಯಲ್ಲಿ ಬಂದು ನೋಡಿ ಹೋದರು. ಅದೇ ಬೆಂಗಳೂರು, ಅದೇ ಜನ. ತಂದೆಯಂತೆ ಮಗನ ಕಣ್ಣುಗಳನ್ನೂ ದಾನ ಮಾಡಿದರು, ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ತಾವಾಗಿಯೇ ಮುಂದೆ ಬಂದರು. ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ನೂರು ಸರ್ಕಾರಿ ಭಿತ್ತಿಪತ್ರಗಳಿಂದ ಆಗದ ಕೆಲಸ ಒಂದು ಸಾವಿನಿಂದ ಆಯಿತು.

ಹಾಗಾದರೆ ತೊಂದರೆ ಎಲ್ಲಿದೆ? ಅಭಿಮಾನದಲ್ಲಿಲ್ಲ. ಅಭಿಮಾನವನ್ನು ಸರಕು ಮಾಡಿ ಮಾರುವ ಅಂಗಡಿಯಲ್ಲಿದೆ. (ಇಲ್ಲಿ ಕೂತ ಚಿಲ್ಲರೆ ವರ್ತಕರು ತಪ್ಪು ತಿಳಿಯಬೇಡಿ, ನಿಮ್ಮ ಅಂಗಡಿಯ ಮಾತಲ್ಲ. ಬಂದ್ ಆದಾಗ ಬಾಗಿಲು ಹಾಕಿ ದಿನದ ಗಳಿಕೆ ಕಳೆದುಕೊಳ್ಳುವವರು ನೀವು.) ನಟಿ ಕಲ್ಪನಾ 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಸತ್ತರು. ಇನ್ನೂ 36 ತುಂಬಿರಲಿಲ್ಲ. ಇಷ್ಟು ವರ್ಷವಾದರೂ ಆ ರಾತ್ರಿ ಏನಾಯಿತು, ಯಾರೊಡನೆ ಜಗಳವಾಯಿತು ಎಂದು ಕಥೆ ಕಟ್ಟಿ ಮಾರುವವರು ಮುಗಿದಿಲ್ಲ. ಮೊದಲು ಪತ್ರಿಕೆಯಲ್ಲಿ, ಈಗ ಮೊಬೈಲಿನಲ್ಲಿ. ಕನ್ನಡದ ‘ಮಿನುಗುತಾರೆ’ ಎನಿಸಿಕೊಂಡವಳು ಸಿನಿಮಾದ ಕೆಲಸ ಕಡಿಮೆಯಾಗುತ್ತಲೇ ನಾಟಕ ತಂಡದೊಡನೆ ಊರೂರು ಅಲೆಯಬೇಕಾಯಿತಲ್ಲ, ಅವಳ ಚಿತ್ರಗಳಿಂದ ಬಂದ ಹಣವೆಲ್ಲ ಯಾರ ತಿಜೋರಿ ಸೇರಿತು? ಈ ಪ್ರಶ್ನೆ ಕೇಳಿದವರು ನನಗೆ ಸಿಕ್ಕಿಲ್ಲ. ಕೇಳಿದರೆ ಪತ್ರಿಕೆ ಖರ್ಚಾಗುವುದಿಲ್ಲ.

ಇನ್ನು ತೆರೆಯ ಹಿಂದಿನವರ ಮಾತು. ನಾನು ಮುಖ್ಯವಾಗಿ ಹೇಳಲು ಬಂದದ್ದೇ ಇದು.

1989ರ ಫೆಬ್ರುವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಮೇಲಿನ ಹಿಂದಿ ಟೀವಿ ಧಾರಾವಾಹಿಯ ಚಿತ್ರೀಕರಣ. ಗೋಡೆಗೆ ಗೋಣಿತಟ್ಟು, ಸಡಿಲ ತಂತಿಗಳು, ಒಳಗೆ ಉರಿಯುವ ದೊಡ್ಡ ದೀಪಗಳು, ಗಾಳಿಯಾಡಲು ಜಾಗವಿಲ್ಲ. ಅರಳೆಯ ನಡುವೆ ದುಡಿಯುವ ನಿಮಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಬೆಂಕಿಯಲ್ಲಿ 62 ಜನ ಸತ್ತರು. ನಾಯಕನಟನೂ ನಿರ್ದೇಶಕನೂ ಆಗಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಹೋಗಿ, ಹದಿಮೂರು ತಿಂಗಳು ಆಸ್ಪತ್ರೆಯಲ್ಲಿದ್ದು, ಎಪ್ಪತ್ತಕ್ಕೂ ಮೇಲ್ಪಟ್ಟು ಶಸ್ತ್ರಚಿಕಿತ್ಸೆಗಳಾಗಿ ಬದುಕಿದರು. ಅವರು ಪಟ್ಟ ನೋವು ಸುಳ್ಳಲ್ಲ. ಅವರ ಮೇಲೆ ನನಗೆ ಕೋಪವೂ ಇಲ್ಲ. ಆದರೆ ಆ ದುರಂತವೆಂದರೆ ಇಂದಿಗೂ ಅವರ ಹೆಸರೊಂದೇ ಜನರ ನಾಲಿಗೆಯ ಮೇಲಿದೆ. ಅರವತ್ತೆರಡರಲ್ಲಿ ಒಂದು ಹೆಸರು ಹೇಳಿ ನೋಡೋಣ. ಮೇಷ್ಟರ ಚಾಳಿ, ಪ್ರಶ್ನೆ ಕೇಳದೆ ಇರಲಾರೆ. ಸುಮ್ಮನಿದ್ದೀರಿ. ಹೊರಗಿದ್ದರೆ ನಾನೂ ನಿಮ್ಮ ಸಾಲಿನಲ್ಲಿ ಸುಮ್ಮನೆ ಕೂಡುತ್ತಿದ್ದೆ.

ಅದು ಹಳೆಯ ಕಾಲ ಎನ್ನುತ್ತೀರಾ? 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಮೂವರು ಹಾರಿದರು. ನಾಯಕನಟ ಬದುಕಿ ಬಂದರು. ಖಳರ ಪಾತ್ರದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಮೈಮೇಲೆ ಜೀವರಕ್ಷಕ ಕವಚವಿರಲಿಲ್ಲ. ತಮಗೆ ಈಜು ಅಷ್ಟಾಗಿ ಬಾರದೆಂದು ಹಾರುವ ಮೊದಲೇ ಟೀವಿಯವರ ಎದುರು ಹೇಳಿದ್ದರು. ಹೇಳಿಯೂ ಹಾರಿದರು. ಯಾಕೆ? ಹಾರುವುದಿಲ್ಲವೆಂದರೆ ಮುಂದಿನ ಚಿತ್ರಕ್ಕೆ ಯಾರು ಕರೆಯುತ್ತಾರೆ? ಪಟ್ಟಿ ಸರಿಯಿಲ್ಲದ ಯಂತ್ರದ ಮುಂದೆ ನಿಲ್ಲು ಎಂದು ಮೇಸ್ತ್ರಿ ಹೇಳಿದಾಗ ಬದಲಿ ಕೆಲಸಗಾರ ನಿಲ್ಲುವುದೂ ಇದೇ ಕಾರಣಕ್ಕೆ.

ಈಗ ಕೈಗೆಟುಕುವ ಮಾತು. 2024ರಲ್ಲಿ ನಮ್ಮ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಲಾವಿದರ ಕ್ಷೇಮಾಭಿವೃದ್ಧಿಗೆಂದು ಒಂದು ಕಾನೂನು ಮಾಡಿತು. ಸಿನಿಮಾ ಟಿಕೆಟ್ಟಿನ ಮೇಲೆ ಶೇಕಡಾ ಒಂದರಿಂದ ಎರಡರವರೆಗೆ ಸೆಸ್ ಹಾಕಿ ಅದನ್ನು ನಿಧಿಗೆ ಸೇರಿಸಬೇಕೆಂದು ಅದರಲ್ಲಿದೆ. ಇನ್ನೂರು ರೂಪಾಯಿಯ ಟಿಕೆಟ್ಟಿಗೆ ಎರಡರಿಂದ ನಾಲ್ಕು ರೂಪಾಯಿ. ಕೊಡುವವರು ನೀವು. ಕೊಡುವವನಿಗೆ ಲೆಕ್ಕ ಕೇಳುವ ಹಕ್ಕುಂಟು. ದೀಪ ಹೊರುವವನಿಗೆ, ಬಡಗಿಗೆ, ಗುಂಪಿನಲ್ಲಿ ನಿಲ್ಲುವ ದಿನಗೂಲಿ ನಟನಿಗೆ ಅದರಲ್ಲಿ ತಲುಪುವುದೆಷ್ಟು ಎಂದು ಕೇಳಲು ನಮ್ಮ ಊರಿನ ಅಭಿಮಾನಿ ಸಂಘಗಳಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ? ಚಿತ್ರ ಬಿಡುಗಡೆಯಾದ ದಿನ ಕಟೌಟಿಗೆ ಹಾಲು ಸುರಿಯುವ ಸಂಘಟನೆ ನಿಮ್ಮಲ್ಲಿದೆ. ನಿಮ್ಮ ಪತ್ರವನ್ನು ಯಾವ ನಿರ್ಮಾಪಕನೂ ಕಸದ ಬುಟ್ಟಿಗೆ ಹಾಕಲಾರ.

ಆದ್ದರಿಂದ ಸಭೆಯ ಮುಂದೆ ಈ ಗೊತ್ತುವಳಿ ಇಡುತ್ತೇನೆ: ಈ ನಿಧಿಯ ಜಮಾ ಖರ್ಚನ್ನು ಸರ್ಕಾರ ವರ್ಷವರ್ಷವೂ ಜನರ ಮುಂದಿಡಬೇಕು, ವಿಮೆ ಮಾಡಿಸದೆ ಯಾರನ್ನೂ ಚಿತ್ರೀಕರಣಕ್ಕೆ ಇಳಿಸಬಾರದು, ಮೈಸೂರಿನಲ್ಲಿ ಸುಟ್ಟು ಸತ್ತ 62 ಮಂದಿಯ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿ ಆ ಊರಿನಲ್ಲಿ ನಿಲ್ಲಿಸಬೇಕು. ಅನುಮೋದನೆಗೆ ಅಭಿಮಾನಿ ಸಂಘದ ಗೆಳೆಯರೊಬ್ಬರು ಎದ್ದು ಬರಲಿ. ಎರಡನೆಯ ಪಾಳಿಯವರು ಹೊರಡುವ ಮೊದಲೇ ಕೈ ಎತ್ತಿಸಿಬಿಡೋಣ.