ತಾಳೆ ನೋಡಿದ್ಯೇನಮ್ಮಾ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

ಆಸ್ಪತ್ರೆಯಲ್ಲಿ ಕೆಲಸ ಎಂದರೆ ಊರಿನಲ್ಲಿ ಅನೇಕರು ನನ್ನನ್ನು ಡಾಕ್ಟರ್ ಎಂದುಕೊಳ್ಳುತ್ತಾರೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಓದಿದ್ದು ಭೌತಶಾಸ್ತ್ರ. ಕ್ಯಾನ್ಸರ್ ರೋಗಿಗಳ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ವೈದ್ಯಕೀಯ ಭೌತವಿಜ್ಞಾನಿ. ನಮ್ಮ ಕಡೆ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರಲ್ಲ, ಅದೇ ಚಿಕಿತ್ಸೆ. ಕೊಡುವುದು ಕರೆಂಟನ್ನಲ್ಲ, ಬಹಳ ಹೆಚ್ಚು ಶಕ್ತಿಯ ಎಕ್ಸ್‌ರೇ ಕಿರಣಗಳನ್ನು. ಯಾವ ಗಡ್ಡೆಗೆ ಎಷ್ಟು ಕೊಡಬೇಕೆಂದು ಡಾಕ್ಟರ್ ನಿರ್ಧರಿಸುತ್ತಾರೆ. ಪಕ್ಕದ ಬೆನ್ನುಹುರಿ, ಜೊಲ್ಲುಗ್ರಂಥಿಗಳಿಗೆ ಆದಷ್ಟು ತಾಗದಂತೆ ಕಿರಣಗಳ ದಾರಿಯನ್ನು ಲೆಕ್ಕ ಹಾಕುವುದು, ಯಂತ್ರ ಅಷ್ಟನ್ನೇ ಕೊಡುತ್ತಿದೆಯೇ ಎಂದು ಅಳೆಯುವುದು ನಮ್ಮ ಕೆಲಸ.

ಈ ಪ್ರಮಾಣದ ಮಾನ ‘ಗ್ರೇ’. ಒಂದು ಕಿಲೋಗ್ರಾಂ ವಸ್ತು ಒಂದು ಜೌಲ್ ಶಕ್ತಿ ಹೀರಿಕೊಂಡರೆ ಒಂದು ಗ್ರೇ. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ವಾರಕ್ಕೆ 5 ದಿನ, ಆರೇಳು ವಾರ. 2 ಗ್ರೇಯಿಂದ ಮೈಬಿಸಿ ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲೂ ಏರುವುದಿಲ್ಲ. ಹೆಚ್ಚಾದರೂ ಕಡಿಮೆಯಾದರೂ ರೋಗಿಗೆ ಆಗ ಏನೂ ತಿಳಿಯದು. ಅಳತೆಯೊಂದೇ ಕಾವಲು.

ನಮ್ಮ ಗಣಿತದ ಮೇಷ್ಟ್ರು ನಿಮಗೆಲ್ಲ ನೆನಪಿರಬೇಕು. “ಉತ್ತರ ಬಂತು ಸಾರ್” ಎಂದು ಓಡಿಹೋದರೆ ಪಾಟಿ ನೋಡುವ ಮೊದಲೇ ಕೇಳುತ್ತಿದ್ದರು: “ತಾಳೆ ನೋಡಿದ್ಯೇನಮ್ಮಾ?” ಆಗ ಸಿಟ್ಟು ಬರುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದೆ. ಕಿರಣ ಅಳೆಯುವ ಉಪಕರಣದೊಳಗೆ ಬೆರಳ ತುದಿಯಷ್ಟು ಗಾಳಿ ಇರುತ್ತದೆ. ಗಾಳಿ ತೆಳುವಾದರೆ ಅಳತೆ ಕಡಿಮೆ ತೋರಿಸುತ್ತದೆ. ಆದ್ದರಿಂದ ಅಂದಿನ ಉಷ್ಣತೆ, ವಾಯುಭಾರ ಸೇರಿಸಿ ಲೆಕ್ಕ ಸರಿಪಡಿಸಬೇಕು. ಅಂದು ನಮ್ಮ ವಾಯುಭಾರಮಾಪಕ ಕೆಟ್ಟಿತ್ತು. ನಾನು ಹವಾಮಾನ ವರದಿಯಲ್ಲಿದ್ದ ಅಂಕಿ ಹಾಕಿಬಿಟ್ಟೆ. ಯಂತ್ರ ಶೇ. 10ರಷ್ಟು ಕಡಿಮೆ ಕೊಡುತ್ತಿದೆ ಎಂದು ಉತ್ತರ ಬಂತು. ಹೆಚ್ಚಿಸಬೇಕೆಂದು ಬರೆದು ಹಿರಿಯರ ಮುಂದಿಟ್ಟೆ.

ಅವರು ಕೇಳಿದ್ದು ಒಂದೇ ಮಾತು: “ಇದು ಎಲ್ಲಿಯ ವಾಯುಭಾರ?”

ನನ್ನ ಕೈ ತಣ್ಣಗಾಯಿತು. ಊರೂರಿನ ಅಂಕಿಗಳನ್ನು ಹೋಲಿಸಲು ಅನುಕೂಲವಾಗಲೆಂದು ಹವಾಮಾನ ವರದಿಯಲ್ಲಿ ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿ ಕೊಟ್ಟಿರುತ್ತಾರೆ. ಸಮುದ್ರಮಟ್ಟದಲ್ಲಿ 76 ಸೆಂಟಿಮೀಟರ್ ಪಾದರಸ ಎಂದು ಇದೇ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಬೆಂಗಳೂರು 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಇರುವುದು ಸುಮಾರು 68. ಯಂತ್ರ ಸರಿಯಾಗಿಯೇ ಇತ್ತು, ತಪ್ಪಿದ್ದು ನಾನು. ಯಾರೂ ನೋಡದೆ ಹೋಗಿದ್ದರೆ ಆ ಯಂತ್ರದಲ್ಲಿ ಮಲಗುವ ಪ್ರತಿಯೊಬ್ಬರಿಗೂ ಸುಮಾರು ಶೇ. 10ರಷ್ಟು ಹೆಚ್ಚು ಕಿರಣ ಹೋಗುತ್ತಿತ್ತು. ಯಾರಿಗೂ ತೊಂದರೆಯಾಗಲಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ನನ್ನ ಲೆಕ್ಕವನ್ನು ಇನ್ನೊಬ್ಬರು ನೋಡುವುದು ನನಗೆ ಅವಮಾನ ಅನ್ನಿಸಿಲ್ಲ.

ಊರಿನವರಿಗೆ ಎರಡು ಮಾತು. ಚಿಕಿತ್ಸೆ ಮುಗಿಸಿ ಮನೆಗೆ ಹೋದ ಒಬ್ಬ ಅಜ್ಜಿ, ಮೊಮ್ಮಗುವಿಗೆ ‘ಕರೆಂಟ್’ ತಾಗೀತೆಂದು ಒಂದು ತಿಂಗಳು ಜಗಲಿಯಲ್ಲೇ ಮಲಗಿದ್ದರಂತೆ. ಹೊರಗಿನ ಯಂತ್ರದಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಯಂತ್ರ ನಿಂತೊಡನೆ ಅದೂ ಮುಗಿಯಿತು. ಮಕ್ಕಳನ್ನು ಎತ್ತಿಕೊಳ್ಳಿ, ಜೊತೆಗೆ ಕೂತು ಊಟ ಮಾಡಿ. ವಿಕಿರಣದ ಔಷಧಿಯನ್ನೇ ಒಳಗೆ ಕೊಡುವ ಚಿಕಿತ್ಸೆ ಬೇರೆ, ಅದಕ್ಕೆ ಡಾಕ್ಟರ್ ಪ್ರತ್ಯೇಕವಾಗಿ ಹೇಳುತ್ತಾರೆ. ಎರಡನೆಯದು, ಸುಗ್ಗಿ ಬಂತು, ಜಾತ್ರೆ ಬಂತು ಎಂದು ಚಿಕಿತ್ಸೆಯನ್ನು ನಡುವೆ ಬಿಡಬೇಡಿ. ಬಿಟ್ಟ ದಿನಗಳಲ್ಲಿ ಗಡ್ಡೆ ಮತ್ತೆ ಬೆಳೆಯುತ್ತದೆ.

ಮಕ್ಕಳೇ, ಈ ಕೆಲಸಕ್ಕೆ ಬರಲು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿರುವಂಥ ಡಿಪ್ಲೊಮಾ ಓದಿ, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ ಪಡೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ್ದು ನನಗೆ ಅಡ್ಡಿಯಾಗಲಿಲ್ಲ. ಮೊದಲ ವರ್ಷ ಇಂಗ್ಲಿಷಿಗೆ ಕಷ್ಟಪಟ್ಟೆ, ಅಷ್ಟೇ.

ಮೇಷ್ಟ್ರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸಾರ್, ಈಗಲೂ ದಿನಾ ಬೆಳಿಗ್ಗೆ, ಮೊದಲ ರೋಗಿ ಒಳಗೆ ಬರುವ ಮುಂಚೆ, ತಾಳೆ ನೋಡುತ್ತೇನೆ.